ರಚ್ಚೆ ಹಿಡಿದ ಕಂದ: ಅಳುವಿನ ಹಿಂದಿನ ವಿಜ್ಞಾನ

ಸಂಜೆ ದೀಪ ಹಚ್ಚುವ ಹೊತ್ತು. ತಿಂಗಳು ತುಂಬಿದ ಹಸುಗೂಸು ಇದ್ದಕ್ಕಿದ್ದಂತೆ ಕಿಟಾರನೆ ಕಿರುಚಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಮುಷ್ಟಿ ಬಿಗಿಯುತ್ತದೆ, ಕಾಲುಗಳು ಹೊಟ್ಟೆಯತ್ತ ಮಡಚಿಕೊಳ್ಳುತ್ತವೆ. ಹಾಲು ಕೊಟ್ಟರೆ ಬೇಡ, ಬಟ್ಟೆ ಬದಲಿಸಿದರೂ ನಿಲ್ಲದು, ತೊಟ್ಟಿಲು ತೂಗಿದರೆ ಇನ್ನಷ್ಟು ಜೋರು. "ಹೊಟ್ಟೆನೋವು ಇರಬೇಕು" ಎನ್ನುತ್ತಾರೆ ಅಜ್ಜಿ. "ದೃಷ್ಟಿ ತಾಕಿದೆ, ನಿವಾಳಿಸಿ" ಎನ್ನುತ್ತಾರೆ ಪಕ್ಕದ ಮನೆಯವರು. "ಬಾಣಂತಿ ಏನು ತಿಂದಳೋ!" ಎಂದು ಇನ್ನೊಬ್ಬರು ಗೊಣಗುತ್ತಾರೆ. "ಹಾಲು ಸಾಲುತ್ತಿಲ್ಲ" ಎಂಬ ತೀರ್ಪು ಮತ್ತೊಬ್ಬರದು. ಕೊನೆಗೆ ಮಗುವಿನ ಜೊತೆ ತಾಯಿಯೂ ಅಳತೊಡಗುತ್ತಾಳೆ.

ಎಳೆಮಗು ಇರುವ ಬಹುಪಾಲು ಮನೆಗಳಲ್ಲಿ ಒಂದಲ್ಲ ಒಂದು ದಿನ ನಡೆಯುವ ಪ್ರಸಂಗ ಇದು. ಕೆಲವು ಮನೆಗಳಲ್ಲಿ ದಿನವೂ ನಡೆಯುತ್ತದೆ. ಮಗು ಏಕೆ ಹೀಗೆ ಅಳುತ್ತದೆ? ತಪ್ಪು ಯಾರದು? ಎಷ್ಟು ದಿನ ಸಹಿಸಬೇಕು? ಈ ಪ್ರಶ್ನೆಗಳನ್ನು ವೈದ್ಯರೂ ವಿಜ್ಞಾನಿಗಳೂ ಎಪ್ಪತ್ತು ವರ್ಷಗಳಿಂದ ಗಡಿಯಾರ, ದಿನಚರಿ ಹಿಡಿದು ಅಧ್ಯಯನ ಮಾಡಿದ್ದಾರೆ. ಅವರು ಕಂಡುಕೊಂಡ ಸಂಗತಿಗಳು ತಂದೆತಾಯಿಗಳಿಗೆ ಧೈರ್ಯ ಕೊಡುವಂಥವು. ಒಂದೆರಡು ಸಂಗತಿಗಳಂತೂ ಮಗುವಿನ ಜೀವ ಉಳಿಸುವಂಥವು.

ಚಿಕ್ಕ ತಂತಿ, ದೊಡ್ಡ ದನಿ

ಮೊದಲು ಅಳು ಹುಟ್ಟುವ ಬಗೆಯನ್ನು ನೋಡೋಣ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ನುಗ್ಗುವ ಗಾಳಿ ಇವನ್ನು ಕಂಪಿಸುತ್ತದೆ. ತಂತಿ ಚಿಕ್ಕದಾದಷ್ಟೂ ಶ್ರುತಿ ಏರುತ್ತದೆ ಎಂಬುದು ವೀಣೆ ನುಡಿಸುವವರಿಗೆ ಗೊತ್ತು. ಬೆಳೆದ ಗಂಡಸಿನ ಧ್ವನಿತಂತುಗಳ ಉದ್ದ ಸುಮಾರು 17ರಿಂದ 21 ಮಿಲಿಮೀಟರ್, ಹೆಂಗಸಿನದು 11ರಿಂದ 15. ಆಗತಾನೆ ಹುಟ್ಟಿದ ಕೂಸಿನದು ಬರೀ ಮೂರು ಮಿಲಿಮೀಟರಿನ ಆಸುಪಾಸು! ಹೀಗಾಗಿ ಗಂಡಸಿನ ಮಾತು ಸೆಕೆಂಡಿಗೆ ನೂರು, ನೂರಿಪ್ಪತ್ತು ಕಂಪನಗಳಲ್ಲಿ ಸಾಗಿದರೆ, ಕೂಸಿನ ಅಳು ನಾನೂರು, ಐನೂರು ಕಂಪನಗಳಲ್ಲಿರುತ್ತದೆ. ಬಾಯಿಯ ಹತ್ತಿರ ಅಳೆದರೆ ಅದರ ಜೋರು ನೂರು ಡೆಸಿಬೆಲ್ ದಾಟುವುದೂ ಉಂಟು. ತಾಯಿಯ ಹೆಗಲ ಮೇಲೆ ಅಳುವ ಮಗುವಿನ ಬಾಯಿ ಇರುವುದು ಅವಳ ಕಿವಿಯ ಪಕ್ಕದಲ್ಲೇ ಎಂಬುದನ್ನು ಮರೆಯಬಾರದು.

ದನಿಯ ಜೋರು ಮಾತ್ರವಲ್ಲ, ಅದರ ಒರಟುತನವೂ ನಮ್ಮನ್ನು ಕೆಣಕುತ್ತದೆ. ಸಾಮಾನ್ಯ ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿ ಆಗುತ್ತದೆ. ಕಿರುಚಾಟದಲ್ಲಿ ಅದು ಸೆಕೆಂಡಿಗೆ 30ರಿಂದ 150 ಬಾರಿ ಆಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅಪಾಯ ಸೂಚಿಸುವ ಅಲಾರಂಗಳ ದನಿಯಲ್ಲೂ ಇದೇ ಬಗೆಯ ಒರಟು ಇದೆ. ಇಂಥ ದನಿ ಕೇಳಿದೊಡನೆ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಚುರುಕಾಗುತ್ತದೆ. ಅಂದರೆ ಮಗು ಕಿರುಚಿದಾಗ ದೊಡ್ಡವರ ಎದೆ ಹೊಡೆದುಕೊಳ್ಳುವುದು, ಮೈ ಬಿಸಿಯಾಗುವುದು, ಸಿಟ್ಟು ಬರುವುದು ಅವರ ಕೆಟ್ಟತನವಲ್ಲ. ಕೇಳಿದವರು ಎದ್ದು ಓಡಿಬರಲೆಂದೇ ನಿಸರ್ಗ ಆ ದನಿಯನ್ನು ಹಾಗೆ ರೂಪಿಸಿದೆ. ನಡೆಯಲಾರದ, ಮಾತು ಬಾರದ ಜೀವಿಗೆ ಇರುವ ಆಯುಧ ಅದೊಂದೇ.

ಎಳೆಗೂಸು ಅತ್ತರೂ ಕಣ್ಣೀರು ಇಳಿಯದಿರುವುದನ್ನು ಗಮನಿಸಿದ್ದೀರಾ? ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥವೊಂದರಲ್ಲಿ ಇದನ್ನು ದಾಖಲಿಸಿದ್ದಾನೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕಣ್ಣನ್ನು ತೇವವಾಗಿಡುವಷ್ಟು ನೀರು ಊರಿದರೂ ಕೆನ್ನೆಯ ಮೇಲೆ ಹರಿಯುವಷ್ಟು ಇರುವುದಿಲ್ಲ. "ಕಣ್ಣೀರೇ ಇಲ್ಲ, ಬರೀ ನಾಟಕ" ಎಂದು ಕೂಸಿನ ಅಳುವನ್ನು ಅಲ್ಲಗಳೆಯುವುದು ಆದ್ದರಿಂದ ಸರಿಯಲ್ಲ. ಆ ವಯಸ್ಸಿನಲ್ಲಿ ನಾಟಕ ಆಡುವಷ್ಟು ಮಿದುಳು ಬೆಳೆದೇ ಇರುವುದಿಲ್ಲ.

ಆರು ವಾರದ ಏರು

ಅಮೆರಿಕದ ಮಕ್ಕಳ ತಜ್ಞ ಡಾ. ಟಿ. ಬೆರಿ ಬ್ರೆಜೆಲ್ಟನ್ ಒಂದು ಸರಳ ಕೆಲಸ ಮಾಡಿದರು. 80 ಮಂದಿ ತಾಯಂದಿರ ಕೈಗೆ ದಿನಚರಿ ಕೊಟ್ಟು, ಮಗು ಯಾವಾಗ, ಎಷ್ಟು ಹೊತ್ತು ಅತ್ತಿತು ಎಂದು ಬರೆದಿಡಲು ಹೇಳಿದರು. 1962ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವಾರದ ಮಕ್ಕಳು ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತಿದ್ದವು. ಆರು ವಾರದ ಹೊತ್ತಿಗೆ ಅದು ಎರಡೂಮುಕ್ಕಾಲು ಗಂಟೆಗೆ ಏರಿತು. ಅಲ್ಲಿಂದ ಇಳಿಯತೊಡಗಿತು. ಇವು ರೋಗಿಷ್ಟ ಮಕ್ಕಳಲ್ಲ, ಆರೋಗ್ಯವಾಗಿದ್ದ ಮಕ್ಕಳು.

ಆಮೇಲೆ ಹಲವು ದೇಶಗಳಲ್ಲಿ ಇಂಥ ಲೆಕ್ಕಗಳು ನಡೆದವು. 28 ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿದ ವರದಿ 2017ರಲ್ಲಿ ಬಂತು. ಅದರ ಪ್ರಕಾರ ಮೊದಲ ಆರು ವಾರಗಳಲ್ಲಿ ಮಗು ಸರಾಸರಿ ದಿನಕ್ಕೆ ಎರಡು ಗಂಟೆಯಷ್ಟು ಅಳುತ್ತದೆ. ಹತ್ತರಿಂದ ಹನ್ನೆರಡು ವಾರದ ಹೊತ್ತಿಗೆ ಅದು 68 ನಿಮಿಷಕ್ಕೆ ಇಳಿಯುತ್ತದೆ. ದಿನದ ಉಳಿದ ಹೊತ್ತಿಗಿಂತ ಸಂಜೆಯ ಅಳು ಹೆಚ್ಚು. ಎಲ್ಲ ಮಕ್ಕಳೂ ಒಂದೇ ಸಮ ಅಳುವುದಿಲ್ಲ. ಕೆಲವು ಅರ್ಧ ಗಂಟೆಯಲ್ಲಿ ಮುಗಿಸಿದರೆ ಕೆಲವು ನಾಲ್ಕು ಐದು ಗಂಟೆ ಹಟ ಹಿಡಿಯುತ್ತವೆ. ಆದರೆ ಏರಿ ಇಳಿಯುವ ಆ ಗೆರೆಯ ಆಕಾರ ಹೆಚ್ಚುಕಡಿಮೆ ಒಂದೇ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಿಷಯ ಇನ್ನೂ ಸ್ವಾರಸ್ಯಕರ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿನ ಅಳು ಹುಟ್ಟಿದ ಆರು ವಾರಕ್ಕೆ ತುದಿ ಮುಟ್ಟುವುದಿಲ್ಲ. ಹುಟ್ಟಬೇಕಿದ್ದ ದಿನದಿಂದ ಎಣಿಸಿ ಆರು ವಾರಕ್ಕೆ ಮುಟ್ಟುತ್ತದೆ! ಅಂದರೆ ಗಡಿಯಾರ ಇರುವುದು ಮಗುವಿನ ಮಿದುಳಿನೊಳಗೆ. ಸಾಕುವವರ ಕೈಗುಣದಲ್ಲಲ್ಲ.

ಆಫ್ರಿಕದ ಕಲಹಾರಿಯ ಕುಂಗ್ ಜನರ ಉದಾಹರಣೆಯನ್ನೂ ನೋಡಬಹುದು. ಅಲ್ಲಿನ ತಾಯಂದಿರು ಕೂಸನ್ನು ಹೆಚ್ಚುಕಡಿಮೆ ಇಡೀ ದಿನ ಮೈಗೆ ಕಟ್ಟಿಕೊಂಡೇ ಇರುತ್ತಿದ್ದರು, ಗಂಟೆಗೆ ಹಲವು ಸಲ ಹಾಲೂಡಿಸುತ್ತಿದ್ದರು, ಕುಂಯ್ ಎಂದ ಕೂಡಲೇ ಸಂತೈಸುತ್ತಿದ್ದರು. ಕೆನಡದ ಡಾ. ರೊನಾಲ್ಡ್ ಬಾರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಆ ಮಕ್ಕಳೂ ಮೊದಲ ಮೂರು ತಿಂಗಳಲ್ಲಿ ಹೆಚ್ಚು ಅಳುತ್ತಿದ್ದವು. ಎಷ್ಟು ಸಲ ಎಂಬ ಲೆಕ್ಕದಲ್ಲಿ ಪಾಶ್ಚಾತ್ಯ ಮಕ್ಕಳಿಗೂ ಅವಕ್ಕೂ ವ್ಯತ್ಯಾಸ ಇರಲಿಲ್ಲ. ಆದರೆ ಒಟ್ಟು ಅಳುವ ಹೊತ್ತು ಮಾತ್ರ ಅರ್ಧದಷ್ಟಿತ್ತು. ಇದರಿಂದ ಎರಡು ಪಾಠ ಸಿಗುತ್ತವೆ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅಳು ಪೂರ್ತಿ ತಪ್ಪುವುದಿಲ್ಲ. ನೋಡಿಕೊಳ್ಳುವ ರೀತಿಯಿಂದ ಅದು ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಮಾತ್ರ ಬದಲಾಗಬಹುದು.

ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಅಳುವ ಆರೋಗ್ಯವಂತ ಮಗುವಿಗೆ 'ಕಾಲಿಕ್' ಇದೆ ಎಂದು ಕರೆಯುವ ರೂಢಿಯನ್ನು ಅಮೆರಿಕದ ಡಾ. ಮಾರಿಸ್ ವೆಸೆಲ್ 1954ರಲ್ಲಿ ತಂದರು. ಹೆಸರೇನೋ ಹೊಟ್ಟೆನೋವಿನದು. ಆದರೆ ಬಹಳಷ್ಟು ಮಕ್ಕಳಲ್ಲಿ ಹೊಟ್ಟೆಯ ದೋಷ ಕಾಣಸಿಗುವುದಿಲ್ಲ. ಅಳುವಾಗ ಮಗು ಗಾಳಿ ನುಂಗುತ್ತದೆ, ಆಮೇಲೆ ಹೊಟ್ಟೆ ಉಬ್ಬುತ್ತದೆ. ನೋಡುವವರಿಗೆ ವಾಯುವೇ ಕಾರಣವೆಂದು ತೋರುತ್ತದೆ. ಅತಿಯಾಗಿ ಅಳುವ ಶಿಶುಗಳಲ್ಲಿ ಯಾವುದಾದರೂ ಕಾಯಿಲೆ ಪತ್ತೆಯಾಗುವುದು ನೂರಕ್ಕೆ ಐದಕ್ಕಿಂತ ಕಡಿಮೆ ಮಕ್ಕಳಲ್ಲಿ ಎಂದು ವೈದ್ಯರು ಹೇಳುತ್ತಾರೆ. ತಾಯಿಯ ಹಾಲು, ಅವಳು ತಿಂದ ಬದನೆಕಾಯಿ, ಅವಳ ಕೈಗುಣ ಇವನ್ನೆಲ್ಲ ಕಟಕಟೆಗೆ ಎಳೆಯುವ ಮೊದಲು ಮನೆಮಂದಿ ಈ ಮಾತನ್ನು ನೆನೆಯಬೇಕು.

ಗೆದ್ದದ್ದು ಮದ್ದೋ, ಕಾಲವೋ?

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತರ್ಕ ಇದೆ. ಆರನೆಯ ವಾರದಲ್ಲಿ ಅಳು ತುದಿ ಮುಟ್ಟುತ್ತದೆ. ಮನೆಯವರು ಕಂಗಾಲಾಗಿ ಮದ್ದು ಹುಡುಕುವುದು ಆಗಲೇ. ಒಬ್ಬರು ತಾಯಿತ ಕಟ್ಟುತ್ತಾರೆ, ಒಬ್ಬರು ಹನಿಮದ್ದು ಕೊಡುತ್ತಾರೆ, ಒಬ್ಬರು ಡಾಕ್ಟರನ್ನೇ ಬದಲಿಸುತ್ತಾರೆ. ಮುಂದಿನ ಕೆಲವು ವಾರಗಳಲ್ಲಿ ಅಳು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಕೊನೆಗೆ ಮಾಡಿದ ಉಪಾಯಕ್ಕೆ! "ನಮ್ಮ ಮಗುವಿಗೆ ಇದರಿಂದಲೇ ವಾಸಿಯಾಯಿತು" ಎಂಬ ಮಾತು ಊರೆಲ್ಲ ಹರಡುತ್ತದೆ. ಮದ್ದು ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಹೋಲಿಸಿ ನೋಡದೆ ಮದ್ದಿನ ಗುಣ ಹೇಳಲಾಗದು.

ಈ ಮರವೆಗೆ ಚರಿತ್ರೆಯಲ್ಲಿ ದೊಡ್ಡ ದಂಡ ತೆರಲಾಗಿದೆ. ಅಮೆರಿಕದಲ್ಲಿ 1849ರಿಂದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಎಂಬ ಔಷಧಿ ಮಾರಾಟವಾಗುತ್ತಿತ್ತು. ಅಳುವ ಮಗುವಿಗೆ ಒಂದು ಚಮಚ ಹಾಕಿದರೆ ಸಾಕು, ತೆಪ್ಪಗೆ ಮಲಗುತ್ತಿತ್ತು. ಮಲಗದೆ ಏನು? ಅದರಲ್ಲಿದ್ದದ್ದು ಅಫೀಮಿನಿಂದ ತೆಗೆದ ಮಾರ್ಫಿನ್ ಮತ್ತು ಮದ್ಯಸಾರ! ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. 1906ರ ಕಾನೂನು ಸೀಸೆಯ ಮೇಲೆ ಇಂಥ ವಸ್ತುಗಳ ಹೆಸರು ಮುದ್ರಿಸಲು ಕಡ್ಡಾಯ ಮಾಡಿತು. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ಶಿಶುಹಂತಕಗಳ ಸಾಲಿಗೆ ಸೇರಿಸಿತು.

ನಮ್ಮ ಮನೆಗಳಲ್ಲಿ ಚಿರಪರಿಚಿತವಾದ ಗ್ರೈಪ್ ವಾಟರ್ ಕೂಡ ಇಂಗ್ಲೆಂಡಿನಿಂದ ಬಂದದ್ದು. ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಇದನ್ನು ತಯಾರಿಸಿದ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮೂಲ ಪಾಕದಲ್ಲಿ ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ ಅದನ್ನು 1990ರ ದಶಕದಲ್ಲಿ ತೆಗೆಯಲಾಯಿತು. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯರು ಬರೆದುಕೊಟ್ಟ ಔಷಧಿಗೆ ಮಾತ್ರ ವಿನಾಯಿತಿ.

ಔಷಧಿ ಅಂಗಡಿಯಲ್ಲಿ ಸ್ವಂತ ತೀರ್ಮಾನದಿಂದ ಹೊಟ್ಟೆನೋವಿನ ಹನಿ ಕೊಳ್ಳುವುದು ಅಪಾಯ. ಡೈಸೈಕ್ಲೊಮಿನ್ ಎಂಬ ಔಷಧಿ ಇರುವ ಹನಿಯನ್ನು ಆರು ತಿಂಗಳೊಳಗಿನ ಶಿಶುಗಳಿಗೆ ಕೊಡಬಾರದು. ಉಸಿರಾಟವೇ ಕುಗ್ಗಿದ ಪ್ರಸಂಗಗಳು ವರದಿಯಾಗಿವೆ. ಬಜೆ ಬೇರು ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಬಜೆಯಲ್ಲಿರುವ ಅಸರೋನ್ ಎಂಬ ವಸ್ತು ಹಾನಿಕರವೆಂದು ಕಂಡಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಜೇನುತುಪ್ಪವೂ ಒಂದು ವರ್ಷ ತುಂಬುವವರೆಗೆ ಬೇಡ. ಅದರಲ್ಲಿರಬಹುದಾದ ಕೆಲವು ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು.

ಎತ್ತಿಕೊಂಡು ನಡೆಯಿರಿ

ಹಾಗಾದರೆ ಮಾಡುವುದೇನು? ಮೊದಲು ಸಾಮಾನ್ಯ ಕಾರಣಗಳನ್ನು ಸಾಲಾಗಿ ನೋಡಬೇಕು. ಹಸಿವೆಯೇ? ಬಟ್ಟೆ ಒದ್ದೆಯಾಗಿದೆಯೇ? ಸೆಕೆಯೇ, ಚಳಿಯೇ? ತೇಗು ಬರಬೇಕೇ? ನೋಡಲು ಬಂದ ನೆಂಟರ ಗಲಾಟೆಯಿಂದ ದಣಿದಿದೆಯೇ? ಬಟ್ಟೆಯಲ್ಲಿ ಪಿನ್ನು, ಇರುವೆ ಸೇರಿದೆಯೇ? ಬೆರಳಿಗೆ ಕೂದಲೋ ದಾರವೋ ಬಿಗಿಯಾಗಿ ಸುತ್ತಿಕೊಂಡಿದೆಯೇ? ಈ ಕೊನೆಯದು ವಿಚಿತ್ರವೆನಿಸಿದರೂ ನಿಜ. ಕಾಲ್ಬೆರಳಿಗೆ ಕೂದಲು ಸುತ್ತಿ ರಕ್ತ ಸಂಚಾರವೇ ನಿಂತು ಮಗು ಕಿರುಚುವುದುಂಟು.

ಎಲ್ಲವೂ ಸರಿಯಿದ್ದು ಅಳು ನಿಲ್ಲದಿದ್ದರೆ ಮಗುವನ್ನು ಎದೆಗೆ ಅವಚಿಕೊಂಡು ನಡೆದಾಡುವುದು ಒಳ್ಳೆಯ ಉಪಾಯ. ಬೆಕ್ಕು ತನ್ನ ಮರಿಯ ಕತ್ತು ಕಚ್ಚಿಕೊಂಡು ನಡೆಯುವಾಗ ಮರಿ ಮಿಸುಕಾಡದೆ ಮುದುಡಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಜಪಾನಿನ ಕುಮಿ ಕುರೋದ ಮತ್ತು ಸಂಗಡಿಗರು 2013ರಲ್ಲಿ ಇದೇ ಗುಣ ಇಲಿಮರಿಗಳಲ್ಲೂ ಮನುಷ್ಯ ಶಿಶುಗಳಲ್ಲೂ ಇದೆ ಎಂದು ತೋರಿಸಿದರು. ತಾಯಿ ಎತ್ತಿಕೊಂಡು ಕುಳಿತಾಗ ನಿಲ್ಲದ ಅಳು ಅವಳು ಎದ್ದು ನಡೆದಾಗ ತಗ್ಗುತ್ತದೆ. ಹೃದಯದ ಬಡಿತವೂ ಕೂಡಲೇ ನಿಧಾನವಾಗುತ್ತದೆ. 2022ರಲ್ಲಿ ಇದೇ ತಂಡ 21 ಶಿಶುಗಳನ್ನು ಪರೀಕ್ಷಿಸಿ ಒಂದು ಸೂತ್ರ ಕೊಟ್ಟಿತು: ಐದು ನಿಮಿಷ ಎತ್ತಿಕೊಂಡು ಒಂದೇ ಸಮ ನಡೆಯಿರಿ. ಮಗು ಮಲಗಿದ ಕೂಡಲೇ ಹಾಸಿಗೆಗೆ ಹಾಕಬೇಡಿ. ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕುಳಿತಿದ್ದು, ನಿದ್ದೆ ಗಟ್ಟಿಯಾದ ಮೇಲೆ ಮಲಗಿಸಿ. ಮಲಗಿಸಿದೊಡನೆ ಎಚ್ಚರಗೊಂಡು ಮತ್ತೆ ಶುರುಮಾಡುವ ಕೂಸುಗಳ ಮನೆಯಲ್ಲಿ ಇದು ಪ್ರಯೋಗಿಸಲು ಯೋಗ್ಯ.

"ಎತ್ತಿ ಎತ್ತಿ ಅಭ್ಯಾಸ ಮಾಡಬೇಡ, ಆಮೇಲೆ ಕೆಳಗೇ ಇಳಿಯುವುದಿಲ್ಲ" ಎಂಬ ಎಚ್ಚರಿಕೆ ಎಲ್ಲೆಡೆ ಕೇಳಿಬರುತ್ತದೆ. ಕೆನಡದ ಮಾಂಟ್ರಿಯಲ್‌ನಲ್ಲಿ 99 ತಾಯಿಮಕ್ಕಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ತದ್ವಿರುದ್ಧ ಫಲ ಕೊಟ್ಟಿತು. ಅಳದೆ ಇರುವಾಗಲೂ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಮಕ್ಕಳು ಆರನೆಯ ವಾರದಲ್ಲಿ ಉಳಿದವುಗಳಿಗಿಂತ ಶೇಕಡ 43ರಷ್ಟು ಕಡಿಮೆ ಅತ್ತವು. ಆದರೆ ಅತಿಯಾಗಿ ಅಳುವ ಹಂತ ಮುಟ್ಟಿದ ಮೇಲೆ ಎತ್ತಿಕೊಳ್ಳುವುದನ್ನು ಹೆಚ್ಚಿಸಿದಾಗ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ಅದು ಎತ್ತಿಕೊಂಡವರ ಸೋಲಲ್ಲ.

ಜೋಗುಳ, ತೊಟ್ಟಿಲು, ಮಂದ ಬೆಳಕು, ಫ್ಯಾನಿನ ಒಂದೇ ಸಮನಾದ ಸದ್ದು ಇವೂ ಕೆಲವು ಮಕ್ಕಳಿಗೆ ಹಿಡಿಸುತ್ತವೆ. ಸೀರೆಯ ಜೋಲಿ ಕಟ್ಟುವವರು ಮಗುವಿನ ಗದ್ದ ಎದೆಗೆ ಒತ್ತದಂತೆ, ಮುಖ ಬಟ್ಟೆಯಲ್ಲಿ ಹುದುಗದಂತೆ ನೋಡಬೇಕು, ಪಕ್ಕದಲ್ಲಿ ಯಾರಾದರೂ ಇರಬೇಕು. ನಿದ್ದೆಗೆ ಹಾಕುವಾಗ ಅಂಗಾತ ಮಲಗಿಸಬೇಕು.

ಅಲುಗಾಡಿಸಿದರೆ ಆಪತ್ತು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ರಾತ್ರಿ ಎರಡು ಗಂಟೆ. ಮೂರು ದಿನದಿಂದ ನಿದ್ದೆಯಿಲ್ಲ. ಮಗು ನಿಲ್ಲಿಸುತ್ತಿಲ್ಲ. ತಾಳ್ಮೆಯ ಕಟ್ಟೆ ಒಡೆದ ಒಂದು ಕ್ಷಣದಲ್ಲಿ ಒಳ್ಳೆಯ ತಂದೆ, ಒಳ್ಳೆಯ ತಾಯಿಯೂ ಮಗುವಿನ ತೋಳೋ ಪಕ್ಕೆಯೋ ಹಿಡಿದು "ಸುಮ್ಮನಿರು!" ಎಂದು ಜೋರಾಗಿ ಅಲುಗಾಡಿಸಿಬಿಡಬಹುದು. ಕೆಲವೇ ಸೆಕೆಂಡುಗಳ ಆ ಅಲುಗಾಟ ಮಗುವನ್ನು ಕುರುಡಾಗಿಸಬಲ್ಲದು, ಬುದ್ಧಿಮಾಂದ್ಯಕ್ಕೆ ತಳ್ಳಬಲ್ಲದು, ಕೊಲ್ಲಲೂಬಲ್ಲದು.

ಕಾರಣ ಭೌತಶಾಸ್ತ್ರದ ಪಾಠದಲ್ಲೇ ಇದೆ. ಓಡುವ ಬಸ್ಸು ಗಕ್ಕನೆ ನಿಂತರೆ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುತ್ತಾರೆ. ಇದು ಜಡತ್ವ. ಹಸುಗೂಸಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತಿನ ಸ್ನಾಯುಗಳಿಗೆ ಬಲವಿಲ್ಲ, ಮಿದುಳು ತೀರ ಮೃದು. ಅಲುಗಾಡಿಸಿದಾಗ ತಲೆಬುರುಡೆ ಒಂದು ಕಡೆ ಚಲಿಸಿ ತಿರುಗಿದರೆ ಒಳಗಿನ ಮಿದುಳು ಹಿಂದೆ ಉಳಿಯುತ್ತದೆ. ಎರಡರ ನಡುವಿನ ತೆಳ್ಳನೆಯ ರಕ್ತನಾಳಗಳು ಹರಿಯುತ್ತವೆ. ಕಣ್ಣಿನ ಅಕ್ಷಿಪಟಲದಲ್ಲೂ ರಕ್ತ ಸೋರಬಹುದು. ಹೊರಗೆ ಒಂದು ಗಾಯವೂ ಕಾಣದಿರಬಹುದು. ಇಂಗ್ಲೆಂಡಿನ ಮಿದುಳು ಶಸ್ತ್ರವೈದ್ಯ ಡಾ. ನಾರ್ಮನ್ ಗತ್‌ಕೆಲ್ಚ್ 1971ರಲ್ಲಿ ಈ ಸಂಬಂಧವನ್ನು ವೈದ್ಯಲೋಕದ ಗಮನಕ್ಕೆ ತಂದರು. ಕ್ಯಾಲಿಫೋರ್ನಿಯದ ಆಸ್ಪತ್ರೆಗಳ ದಾಖಲೆ ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಗಾಯಗೊಂಡ ಮಕ್ಕಳ ಸಂಖ್ಯೆಯ ಗೆರೆಯೂ ಅಳುವಿನ ಗೆರೆಯಂತೆಯೇ ಏರಿ ಇಳಿಯಿತು. ತುದಿ ಮಾತ್ರ ಕೆಲವು ವಾರ ತಡವಾಗಿ ಬಂತು. ಅಳುವೇ ಪ್ರಚೋದನೆ ಎಂಬುದಕ್ಕೆ ಇದು ಸಾಕ್ಷಿ. ತೊಟ್ಟಿಲ ತೂಗಾಟದಿಂದ, ಕಂಕುಳಲ್ಲಿಟ್ಟು ನಡೆಯುವುದರಿಂದ ಹೀಗಾಗುವುದಿಲ್ಲ. ಸಿಟ್ಟಿನಿಂದ ಜಗ್ಗಾಡಿಸುವುದೇ ಅಪಾಯ.

ಸಿಟ್ಟು ನೆತ್ತಿಗೇರುತ್ತಿದೆ ಎನಿಸಿದರೆ ಮಾಡಬೇಕಾದ್ದು ಇಷ್ಟೆ: ಮಗುವನ್ನು ತೊಟ್ಟಿಲಲ್ಲೋ ನೆಲದ ಹಾಸಿಗೆಯ ಮೇಲೋ ಅಂಗಾತ ಮಲಗಿಸಿ, ಕೋಣೆಯಿಂದ ಹೊರಬನ್ನಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಐದು ಹತ್ತು ನಿಮಿಷ ಬಿಟ್ಟು ಮರಳಿ ಹೋಗಿ ನೋಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಎಬ್ಬಿಸಿ ಕೈಗೊಪ್ಪಿಸಿ. ಹತ್ತು ನಿಮಿಷ ಅತ್ತರೆ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ. ಹತ್ತು ಸೆಕೆಂಡು ಅಲುಗಾಡಿಸಿದರೆ ಏನೂ ಆಗಬಹುದು.

ವರ್ಷ ದಾಟಿದವರ ಹಟ

ಒಂದು ವರ್ಷ ದಾಟಿದ ಮಗುವಿನ ಕಿರುಚಾಟ ಬೇರೆ ಬಗೆಯದು. ಬೇಕಾದ್ದು ಗೊತ್ತು, ಹೇಳಲು ಮಾತು ಸಾಲದು. ಆಸೆ ಬೆಟ್ಟದಷ್ಟು, ತಡೆದುಕೊಳ್ಳುವ ಶಕ್ತಿ ಸಾಸಿವೆಯಷ್ಟು. ಅಂಗಡಿಯ ಮುಂದೆ ಮಗು ಬಿದ್ದು ಹೊರಳಾಡುವುದು ಹೀಗೆ. ಅಮೆರಿಕದ ಫ್ಲಾರೆನ್ಸ್ ಗುಡ್‌ಎನಫ್ 1931ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಮಕ್ಕಳ ತಾಯಂದಿರು 1,878 ಸಿಟ್ಟಿನ ಪ್ರಸಂಗಗಳನ್ನು ಬರೆದಿಟ್ಟಿದ್ದರು. ಎರಡನೆಯ ವರ್ಷದಲ್ಲಿ ಸಿಟ್ಟು ತುದಿ ಮುಟ್ಟಿ ಆಮೇಲೆ ಇಳಿದಿತ್ತು. ಇಲ್ಲೂ ಅದೇ ಏರಿಳಿತ!

ಮೈಕೆಲ್ ಪೊಟೆಗಾಲ್ ಮತ್ತು ರಿಚರ್ಡ್ ಡೇವಿಡ್‌ಸನ್ 2003ರಲ್ಲಿ ಕಂಡುಕೊಂಡಂತೆ ಹೆಚ್ಚಿನ ರಂಪಗಳು ಐದು ನಿಮಿಷದೊಳಗೆ ಮುಗಿಯುತ್ತವೆ. ಕಿರುಚು, ಒದೆತ, ಹೊಡೆತದ ರೂಪದ ಸಿಟ್ಟು ಆರಂಭದಲ್ಲೇ ಉಕ್ಕಿ ಇಳಿಯುತ್ತದೆ. ದುಃಖ ಮಾತ್ರ ಕೊನೆಯವರೆಗೂ ಇರುತ್ತದೆ. ಸಿಟ್ಟು ಉಕ್ಕಿದಾಗ "ಯಾಕೆ? ಏನಾಯ್ತು?" ಎಂದು ಪ್ರಶ್ನೆ ಹಾಕಿದರೆ, ಬುದ್ಧಿ ಹೇಳಿದರೆ ಅದು ಮಗುವಿನ ತಲೆಗೆ ಹೋಗುವುದಿಲ್ಲ. ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನೆ ಹತ್ತಿರ ಇದ್ದು, ಕಿರುಚು ಇಳಿದು ಬಿಕ್ಕಳಿಕೆ ಉಳಿದಾಗ ಎತ್ತಿ ಸಮಾಧಾನ ಮಾಡಬೇಕು. ಕಿರುಚಿದ್ದಕ್ಕಾಗಿಯೇ ಚಾಕೊಲೇಟೋ ಮೊಬೈಲೋ ಕೈಗೆ ಕೊಟ್ಟರೆ, ಕಿರುಚುವುದೇ ಕೇಳುವ ದಾರಿ ಎಂದು ಮಗು ಕಲಿಯುತ್ತದೆ. ಹಸಿವು, ನಿದ್ದೆಗೇಡು ಇದ್ದಾಗ ಮಗುವನ್ನು ಪೇಟೆಗೆ ಕರೆದೊಯ್ಯದಿರುವುದೂ ಒಂದು ಜಾಣತನ.

ಕೆಲವು ಮಕ್ಕಳು ಅತ್ತು ಅತ್ತು ಉಸಿರು ಹಿಡಿದು ನೀಲಿಗಟ್ಟುತ್ತವೆ, ಒಮ್ಮೊಮ್ಮೆ ಕ್ಷಣಕಾಲ ಎಚ್ಚರ ತಪ್ಪುತ್ತವೆ. ನೋಡಿದವರ ಜೀವ ಹೋದಂತಾಗುತ್ತದೆ. ಉಸಿರು ತಾನಾಗಿ ಮರಳುತ್ತದೆ, ಬೆಳೆದಂತೆ ಈ ಕಾಟವೂ ಹೋಗುತ್ತದೆ. ಆದರೂ ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸಲೇಬೇಕು. ಇಂಥ ಹಲವು ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಇರುತ್ತದೆ, ಅದನ್ನು ತುಂಬಿದಾಗ ಉಸಿರು ಕಟ್ಟುವುದು ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67.1 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ರಕ್ತ ಪರೀಕ್ಷೆಯನ್ನು ಕಡೆಗಣಿಸಬಾರದು.

ಯಾವಾಗ ಆಸ್ಪತ್ರೆಗೆ?

ಎಲ್ಲ ಅಳುವನ್ನೂ "ವಯಸ್ಸಿನ ಗುಣ" ಎಂದು ತಳ್ಳಿಹಾಕುವಂತಿಲ್ಲ. ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಹಸಿರು ಬಣ್ಣದ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಉಬ್ಬಿದರೆ, ಫಿಟ್ಸ್ ಬಂದರೆ, ತೊಡೆಸಂದಿಯಲ್ಲಿ ಗಟ್ಟಿ ಬಾವು ಕಂಡರೆ, ಅಳು ನರಳಾಟದಂತೆ ಕ್ಷೀಣವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಲು ಮಡಚಿ ಚೀರುವುದು, ಸ್ವಲ್ಪ ಹೊತ್ತು ನಿಸ್ತೇಜವಾಗಿ ಬೀಳುವುದು, ಮತ್ತೆ ಚೀರುವುದು ಹೀಗೆ ಅಲೆಯಲೆಯಾಗಿ ನಡೆದರೆ ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಇದು ತುರ್ತು ಸ್ಥಿತಿ. ಬಿದ್ದು ಪೆಟ್ಟಾದ ಮೇಲೆ ಅಥವಾ ಅಲುಗಾಡಿಸಿದ ಮೇಲೆ ಮಗು ಮಂಕಾದರೆ ನಡೆದದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ನಾಚಿಕೆಗಿಂತ ಮಗುವಿನ ಜೀವ ದೊಡ್ಡದು.

ತಾಯಿಯನ್ನೂ ನೋಡಬೇಕು. ಅವಳು ಸದಾ ಮಂಕಾಗಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, "ನನ್ನಿಂದ ಆಗುವುದಿಲ್ಲ" ಎಂದು ಮತ್ತೆ ಮತ್ತೆ ಹೇಳಿದರೆ ಅದು ಸೋಮಾರಿತನವಲ್ಲ, ಬಾಣಂತಿಯ ಖಿನ್ನತೆ ಇರಬಹುದು. ಭಾರತದ ಅಧ್ಯಯನಗಳನ್ನು ಕ್ರೋಡೀಕರಿಸಿ 2017ರಲ್ಲಿ ಬಂದ ವರದಿಯಂತೆ ನೂರರಲ್ಲಿ ಸುಮಾರು 22 ಬಾಣಂತಿಯರನ್ನು ಇದು ಕಾಡುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಲ್ಲಿ ಆರಂಭವಾಯಿತು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಚಿಕ್ಕಮ್ಮ, ಸೋದರಮಾವನಿಗೊಂದು ಕೆಲಸ

ಹೆರಿಗೆಗೆಂದು ಅಕ್ಕ ತವರಿಗೆ ಬಂದಿರುವ ಮನೆಗಳಲ್ಲಿ ಓದುವ ತಂಗಿಯೋ ತಮ್ಮನೋ ಇರುತ್ತಾರೆ. ಪರೀಕ್ಷೆ ಹತ್ತಿರ, ಮಗುವಿನ ಅಳು ಬೇರೆ ಎಂದು ಅವರಿಗೆ ರೇಗುವುದು ಸಹಜ. ಅವರು ಮಾಡಬಹುದಾದ ಒಂದು ಒಳ್ಳೆಯ ಪ್ರಯೋಗವಿದೆ. ಒಂದು ಗ್ರಾಫ್ ಹಾಳೆಯಲ್ಲಿ ದಿನದ 24 ಗಂಟೆಗಳನ್ನು ಅಡ್ಡಕ್ಕೆ ಬರೆಯಿರಿ, ತಾರೀಖುಗಳನ್ನು ಕೆಳಕ್ಕೆ ಬರೆಯಿರಿ. ಮಗು ಅತ್ತ ಹೊತ್ತಿಗೆ ಕೆಂಪು, ಮಲಗಿದ್ದಕ್ಕೆ ನೀಲಿ, ಹಾಲು ಕುಡಿದದ್ದಕ್ಕೆ ಹಸಿರು ಬಣ್ಣ ತುಂಬಿ. ಎರಡು ವಾರದಲ್ಲಿ ಅಳು ಯಾವ ಹೊತ್ತಿನಲ್ಲಿ ಗುಂಪುಗೂಡುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಸಂಜೆ ಆರರಿಂದ ಎಂಟು ಮಗುವಿನ ಸಮಯ ಎಂದು ಗೊತ್ತಾದರೆ ಓದನ್ನು ಬೆಳಗಿನ ಜಾವಕ್ಕೆ ಬದಲಿಸಿಕೊಳ್ಳಬಹುದು. ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಈ ಹಾಳೆ ನೂರು ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಎರಡು ಗಂಟೆಯಲ್ಲಿ ಹದಿನೈದು ನಿಮಿಷ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಡೆದರೆ ಅಕ್ಕನಿಗೆ ಬಿಸಿಬಿಸಿ ಊಟ ಮಾಡುವಷ್ಟು ಬಿಡುವು ಸಿಗುತ್ತದೆ. ಅಪ್ಪ, ಅಜ್ಜ, ಮಾವ ಎಲ್ಲರೂ ಹೀಗೆ ಸರದಿ ಹಂಚಿಕೊಂಡರೆ ಯಾರ ತಾಳ್ಮೆಯೂ ಒಡೆಯುವ ಹಂತಕ್ಕೆ ಬರುವುದಿಲ್ಲ. ಗ್ರಾಫಿನಲ್ಲಿ ಕೆಂಪು ಚೌಕಗಳು ವಾರದಿಂದ ವಾರಕ್ಕೆ ಕಡಿಮೆಯಾಗುವ ದಿನ ಬಂದೇ ಬರುತ್ತದೆ. ಅಲ್ಲಿಯವರೆಗೆ ಮಗುವನ್ನು ಹೇಗಾದರೂ ಸುಮ್ಮನಾಗಿಸುವುದಲ್ಲ, ಮಗುವನ್ನೂ ತಾಯಿಯನ್ನೂ ಜೋಪಾನವಾಗಿ ದಾಟಿಸುವುದೇ ಮನೆಯವರ ಕೆಲಸ.